ನಂದಕಿಶೋರನ ಮೂರು ಮೀಟರು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ನಂದಕಿಶೋರ ಅಫಜಲಪುರ ಠಾಣೆಗೆ ದೂರು ತಂದ. ಆರೋಪಿಯನ್ನೂ ಜೊತೆಗೇ ಕರೆತಂದಿದ್ದ. ಬೇಳೆ ಮಿಲ್ಲಿಗೆ ತೊಗರಿ ತರುವ ರೈತರಿಗೆ ಪಾಳಿ ಹಚ್ಚುವ ಆ್ಯಪು ಅವನದು. ಕೋಡ್ ಬರೆಯಲು ಮೂರು ಕಂಪನಿಗಳ ಎಐ ಸಹಾಯಕರನ್ನು ಇಟ್ಟುಕೊಂಡಿದ್ದ. ಮೂರರಲ್ಲೂ ದಿನದ ಪಾಲು ಎಷ್ಟು ಉಳಿದಿದೆ ಎಂದು ತೋರಿಸುವ ಮೂರು ಮೀಟರು ಅವನ ಮೊಬೈಲಿನಲ್ಲಿದ್ದವು.

“ದಿನದ ಪಾಲು ಮಧ್ಯಾಹ್ನದೊಳಗ ಖಾಲಿ ಆಗಾಕತ್ತದ್ರಿ ಮೇಡಂ. ಈಕಿ ಹೊರಗಿನ ಕೆಲಸ ಮಾಡಾಕತ್ತಾಳ. ಎಫ್‌ಐಆರ್ ಹಾಕ್ರಿ. ಇವತ್ತೇ ಕೆಲಸದಿಂದ ತೆಗಿತೇನಿ.”

ಬೆಂಚಿನ ತುದಿಯಲ್ಲಿ ಸಪ್ನಾ ತಲೆ ತಗ್ಗಿಸಿ ಕೂತಿದ್ದಳು. ಅವಳು ಕೆಲಸಕ್ಕೆ ಸೇರಿ ತಿಂಗಳೂ ತುಂಬಿರಲಿಲ್ಲ.

ಪಿಎಸ್‌ಐ ಶರಣಬಸಮ್ಮನಿಗೆ ಎಮ್ಮೆ ಕಳವು ಗೊತ್ತು, ಪಂಪ್‌ಸೆಟ್ ಕಳವು ಗೊತ್ತು. ಕಣ್ಣಿಗೆ ಕಾಣದ್ದು ಕಳವಾದರೆ ಪಂಚನಾಮೆಯನ್ನು ಎಲ್ಲಿ ನಿಂತು ಬರೆಯಬೇಕೋ ತಿಳಿಯಲಿಲ್ಲ. ನಂದಕಿಶೋರನ ಮೊಬೈಲನ್ನು ಮೇಜಿನ ಮೇಲೆ ಇಡಿಸಿದಳು.

“ನಿನ್ನ ಕಂಪ್ಯೂಟರ್ ಎಲ್ಲದ?”

“ಆಫೀಸಿನ್ಯಾಗ ಬಂದ್ ಮಾಡಿ ಬಂದೇನ್ರಿ,” ಎಂದಳು ಸಪ್ನಾ.

“ಮೊಬೈಲು?”

“ಸಾವ್ಕಾರ್ರು ಕಸ್ಗೊಂಡಾರ್ರಿ.”

ಚಹಾ ಬಂತು. ಕುಡಿಯುತ್ತ ಶರಣಬಸಮ್ಮ ಪರದೆಯನ್ನೇ ನೋಡಿದಳು. ಮೊದಲ ಮೀಟರು ಇಳಿಯಿತು. ತುಸು ಹೊತ್ತಿಗೆ ಎರಡನೆಯದು, ಆಮೇಲೆ ಮೂರನೆಯದು, ಮತ್ತೆ ಮೊದಲನೆಯದು.

“ಈಕಿ ಇಲ್ಲೇ ಕುಂತಾಳಲ್ರಿ. ಆಫೀಸಿನ್ಯಾಗ ಯಾರದಾರ?”

“ರಾಘವೇಂದ್ರ ಒಬ್ಬಾಂವ ಅದಾನ್ರಿ. ಹಳಬ. ದೇವರಂಥಾಂವ.”

“ಹಂಗಾರ ನೈವೇದ್ಯ ಜರಾ ಜಾಸ್ತಿ ಆಗ್ಯದ,” ಎಂದ ಹವಾಲ್ದಾರ ದೊಡ್ಡಪ್ಪ.

ಸಪ್ನಾಳನ್ನು ಠಾಣೆಯಲ್ಲೇ ಕೂರಿಸಿ, ಉಳಿದವರನ್ನು ಹತ್ತಿಸಿಕೊಂಡು ಜೀಪು ನಂದಕಿಶೋರನ ಆಫೀಸಿಗೆ ಹೊರಟಿತು. ರಾಘವೇಂದ್ರ ಬಾಗಿಲಿಗೆ ಬೆನ್ನು ಮಾಡಿ ಟೈಪು ಮಾಡುತ್ತಿದ್ದ. ದೊಡ್ಡಪ್ಪ ಅವನ ಹೆಗಲ ಮೇಲಿಂದ ಬಗ್ಗಿ ಗಟ್ಟಿಯಾಗಿ ಓದಿದ: “ಆ ಇಬ್ಬರು ಹಿಂಗ ಹೇಳ್ಯಾರ್ರಿ. ನೀವು ಹಿರ್ಯಾರು, ತಪ್ಪಿದ್ರ ತಿದ್ರಿ.”

ಮೂರು ಎಐ ಸಹಾಯಕರಿಗೂ ಅದೇ ಒಕ್ಕಣೆ. ಊರ ನ್ಯಾಯ ಹಿಡಿದು ಹಿರಿಯರ ಮನೆಮನೆ ತಿರುಗುವವರ ಹಾಗೆ, ಮೂರೂ ಒಂದೇ ಮಾತಿಗೆ ಬರುವ ತನಕ ಅವನು ಬಿಡುತ್ತಿರಲಿಲ್ಲ.

“ಯಾಕೋ ರಾಘು?” ನಂದಕಿಶೋರನ ದನಿ ಇಳಿದಿತ್ತು.

“ಹೋದ ಸುಗ್ಗ್ಯಾಗ ಒಂದರ ಮಾತು ನಂಬಿದ್ನಲ್ರಿ ಸಾವ್ಕಾರ್ರ.”

ಆ ಒಂದು ಮಾತಿಗೆ ಗೊಬ್ಬೂರಿನ ರೈತರಿಗೆಲ್ಲ ಒಂದೇ ತಾಸಿನ ಪಾಳಿ ಬಿದ್ದು, ಟ್ರ್ಯಾಕ್ಟರುಗಳು ಹೊತ್ತು ಮುಳುಗುವ ತನಕ ಬಿಸಿಲಲ್ಲಿ ನಿಂತಿದ್ದವು. ಅದರಲ್ಲೊಂದರ ಮೇಲೆ ರಾಘವೇಂದ್ರನ ಮಾವ ಕೂತಿದ್ದ. ಅಂದಿನಿಂದ ಮಾವ ಮಗಳ ಮನೆಯ ಹೊಸ್ತಿಲು ತುಳಿದಿಲ್ಲ.

“ಆ ಹುಡುಗಿ ಕೆಲಸ ಹೋಗ್ತದಂತ ಗೊತ್ತಿದ್ದೂ ಸುಮ್ನಿದ್ದಿ?” ಎಂದಳು ಶರಣಬಸಮ್ಮ.

“ಹೇಳ್ಬೇಕಂತಲೇ ಇದ್ನ್ರಿ. ಹ್ಯಾಂಗ ಹೇಳ್ಬೇಕಂತ ಮುಂಜಾನಿಂದ ಇವನ್ನೇ ಕೇಳಾಕತ್ತೇನಿ. ಎರಡು ಒಪ್ಯಾವ. ಮೂರನೇದು ಇನ್ನಾ ಒಪ್ಪವಲ್ದು.”

ಎಫ್‌ಐಆರ್ ಆಗಲಿಲ್ಲ. ಸಪ್ನಾಳ ಮುಂದೆ ಬಾಯಿಬಿಟ್ಟು ಹೇಳಲೆಂದು ದೊಡ್ಡಪ್ಪ ಅವನ ರಟ್ಟೆ ಹಿಡಿದು ಜೀಪು ಹತ್ತಿಸಿದ.

“ಹವಾಲ್ದಾರ್ರ, ‘ನನ್ನಿಂದ ತಪ್ಪಾತು ತಂಗಿ’ ಅಂದ್ರ ಸಾಕೇನ್ರಿ?”

“ಸಾಕು.”

ರಾಘವೇಂದ್ರ ಡ್ರೈವರನ ಕಡೆ ತಿರುಗಿದ: “ಹವಾಲ್ದಾರ್ರು ಹಿಂಗ ಹೇಳ್ಯಾರ್ರಿ. ತಪ್ಪಿದ್ರ ತಿದ್ರಿ.”