ನೀಲಿ ಕಾರಿನ ನೆಗ್ಗು

“ಆ ನೆಗ್ಗಿನ ಮೇಲೆ ಬಣ್ಣ ಹೊಡೀಬೇಡ ಕಣಪ್ಪಾ.”

ಶೆಡ್ಡಿನ ಬಾಗಿಲಲ್ಲಿ ನಿಂತ ಮುದುಕ ಔಲಿಸ್ ಉಣ್ಣೆಯ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. ಪಕ್ಕದ ಮನೆಯವನು, ನಲವತ್ತು ವರ್ಷ ಕಾರುಗಳ ತಗಡು ಬಡಿದು ಬಣ್ಣ ಹೊಡೆದವನು. ಅವನ ಕಣ್ಣು ರೈನೆಯ ಮುಖದ ಮೇಲಿರಲಿಲ್ಲ. ನೀಲಿ ಕಾರಿನ ಬಲಗಡೆಯ ಮಡ್‌ಗಾರ್ಡಿನ ಮೇಲಿತ್ತು.

“ಕಡವೆಗೆ ತಾಗಿದ್ದು ಅಂದೆನಲ್ಲ ಅಜ್ಜ,” ಎಂದ ರೈನೆ, ಸ್ಪ್ರೇ ಡಬ್ಬಿಗಳನ್ನು ಬಿಸಿನೀರಿನ ಬಕೆಟ್ಟಿಗೆ ಇಳಿಬಿಡುತ್ತಾ. ನವೆಂಬರಿನ ಚಳಿಯಲ್ಲಿ ಡಬ್ಬಿ ತಣ್ಣಗಿದ್ದರೆ ಬಣ್ಣ ಹನಿಹನಿಯಾಗಿ ಉಗುಳುತ್ತದೆ.

“ಕಡವೆ ಆಗಿದ್ರೆ ದೀಪದ ಸಂದೀಲಿ ಕೂದಲಿರ್ತಿತ್ತು.” ಮುದುಕನ ದನಿ ಇಳಿಯಿತು. “ಹಿಲ್ಯಾ ತನ್ನ ತಮ್ಮ ಸತ್ತ ಚರಂಡಿಯ ಮಣ್ಣು ತಗೊಂಡು ಹೋಗಿದಾಳೆ. ಅವಳಮ್ಮನೂ ಮಾಟದ ವಿದ್ಯೆಯವಳೇ. ಹಬೆಸ್ನಾನದ ಸೌನಾ ಒಲೆಯ ಬೂದಿ ಜೊತೆ ಕಲಸಿ, ಆ ಜಾಗವನ್ನ ಮೂರು ಸಲ ಅಪ್ರದಕ್ಷಿಣೆ ಸುತ್ತಿ ಹೇಳಿದಾಳೆ, ಗುರುತು ಮುಚ್ಚಿದವನ ಮೈಮೇಲೇ ಆ ಗುರುತು ಏಳಲಿ ಅಂತ. ಇವತ್ತೇ ಪೊಲೀಸರ ಹತ್ರ ಹೋಗು. ನಾನೂ ಜೊತೆಗೆ ಬರ್ತೀನಿ.”

ರೈನೆ ನಕ್ಕುಬಿಟ್ಟ. “ಬೂದಿ ಕಲಸಿದ್ರೆ ಮಾಟ ಆಗೋದಾದ್ರೆ ನಮ್ಮ ಮಿಲ್ಲಿನ ಒಲೆ ಗುಡಿಸೋನೇ ದೊಡ್ಡ ಮಾಂತ್ರಿಕ! ಹೋಗಿ, ಬಿಸಿಬಿಸಿ ಕಾಫಿ ಕುಡೀರಿ.”

ಔಲಿಸ್ ಟೋಪಿ ತಲೆಗೇರಿಸಿ ಹೊರಟುಹೋದ.

ಮರ ಕೊಯ್ಯುವ ಮಿಲ್ಲಿಗೆ ಮ್ಯಾನೇಜರಾಗಿ ರೈನೆ ಟುರ್ಕು ನಗರದಿಂದ ಈ ಹಳ್ಳಿಗೆ ಬಂದು ಐದು ತಿಂಗಳಾಗಿತ್ತು. ಮೂರು ವಾರದ ಹಿಂದೆ, ಮಂಜು ಕವಿದ ಒಂದು ಬೆಳಗ್ಗೆ, ಅವನ ಕಣ್ಣು ಫೋನಿನ ಮೇಲಿದ್ದಾಗ ಕಾರಿಗೆ ಏನೋ ಬಡಿಯಿತು. ಹಿಲ್ಯಾಳ ತಮ್ಮ ಓಸ್ಮೊ. ವಯಸ್ಸು ಐವತ್ತಾದರೂ ಮಗುವಿನ ಮನಸ್ಸಿನವನು. ಅಕ್ಕನಿಗೆ ಬನ್ನು ತರಲು ಸೈಕಲ್ಲಿನಲ್ಲಿ ಹೊರಟಿದ್ದ. ಕನ್ನಡಿಯಲ್ಲಿ ರೈನೆಗೆ ಚರಂಡಿಯಿಂದ ಮೇಲೆದ್ದ ಒಂದು ಕೈ ಕಂಡಿತ್ತು. ಕಂಡಿತ್ತು, ಆದರೂ ಅವನು ನಿಲ್ಲಿಸಲಿಲ್ಲ. ಓಸ್ಮೊ ಎರಡು ತಾಸು ಜೀವ ಹಿಡಿದುಕೊಂಡಿದ್ದನೆಂದೂ, ಯಾರಾದರೂ ಆಸ್ಪತ್ರೆಗೆ ಕರೆದೊಯ್ದಿದ್ದರೆ ಬದುಕುತ್ತಿದ್ದನೆಂದೂ ಆಮೇಲೆ ಡಾಕ್ಟರು ಹೇಳಿದರು. ರಿಪೇರಿ ಅಂಗಡಿಗೆ ಕಾರು ಒಯ್ದರೆ ಪ್ರಶ್ನೆಗಳು ಏಳುತ್ತವೆ. ಹಾಗಾಗಿ ಮನೆಯಲ್ಲೇ ಕೆಲಸ.

ನೆಗ್ಗನ್ನು ಹಿಂದಿನಿಂದ ಆದಷ್ಟು ಬಡಿದೆಬ್ಬಿಸಿ, ಉಳಿದ ತಗ್ಗಿಗೆ ಪುಟ್ಟಿ ಮೆತ್ತಿ, ನೀರು ಹಾಕಿ ಉಜ್ಜಿ ನಯ ಮಾಡಿದ್ದಾಗಿತ್ತು. ಸುತ್ತ ಹಳೇ ಪೇಪರು ಅಂಟಿಸಿದ. ಬೂದುಬಣ್ಣದ ಪ್ರೈಮರು ಚೆನ್ನಾಗಿಯೇ ಕೂತಿತು. ಉತ್ತರದ ಆ ನಾಡಿನಲ್ಲಿ ಮಧ್ಯಾಹ್ನ ಮೂರಕ್ಕೇ ಹೊರಗೆ ಕತ್ತಲಿಳಿದಿತ್ತು. ಬಾಗಿಲೆಳೆದು, ಹೀಟರು ಹಚ್ಚಿ, ನೀಲಿ ಬಣ್ಣದ ಡಬ್ಬಿ ಅಲ್ಲಾಡಿಸಿದ. ಒಳಗಿನ ಗುಂಡು ಕಟಕಟನೆ ಬಡಿಯಿತು. ಬಣ್ಣ ತೆಳುಮಾಡುವ ತಿನ್ನರಿನ ವಾಸನೆ ಮೂಗಿಗೇರಿತು.

ಒಂದು ಗೇಣು ದೂರದಿಂದ ಮೊದಲ ಪದರ ಎಳೆದ. ಬಣ್ಣ ಕೂತಿತು. ಕೂತು, ಮೆಲ್ಲಗೆ ಹಿಂದೆ ಸರಿಯಿತು.

ಜಿಡ್ಡಿದ್ದರೆ ಹೀಗಾಗುವುದುಂಟು. ತಿನ್ನರಿನ ಬಟ್ಟೆಯಿಂದ ಒರೆಸಿ ಮತ್ತೆ ಹೊಡೆದ. ಬಣ್ಣ ಮತ್ತೆ ಸರಿಯಿತು. ಈ ಸಲ ನಡುವೆ ಉಳಿದ ಖಾಲಿ ಜಾಗಕ್ಕೆ ಆಕಾರವಿತ್ತು. ಐದು ಬೆರಳು. ಪಕ್ಕದಲ್ಲಿ ಲೋಹಕ್ಕೊತ್ತಿದ ಒಂದು ಕೆನ್ನೆ.

ರೈನೆ ಹುಚ್ಚನಂತೆ ಉಜ್ಜಿದ. ಉಜ್ಜುವ ಕಾಗದದಡಿಯ ತಗಡು ಬೆಚ್ಚಗಿತ್ತು. ಕೊಳೆತ ಎಲೆಯ, ಚರಂಡಿ ನೀರಿನ ವಾಸನೆ ತಿನ್ನರನ್ನೂ ಮೀರಿ ಬಂತು. ಡಬ್ಬಿಯನ್ನು ನೆಲಕ್ಕಿಟ್ಟ. ಗುಂಡು ಬಡಿಯುತ್ತಲೇ ಇತ್ತು. ಕಟ. ಕಟ. ಸೈಕಲ್ಲಿನ ಚಕ್ರ ತಾನಾಗಿ ತಿರುಗುತ್ತಾ ನಿಲ್ಲುವ ಹಾಗೆ.

ನಿಂತಿತು.

ಡಬ್ಬಿಯ ಮೂತಿ ತಾನೇ ಸಿಡಿಯಿತು. ಬಣ್ಣದ ಮಂಜು ಕಾರಿನತ್ತ ಹೋಗಲಿಲ್ಲ. ತಿರುಗಿ ಅವನತ್ತ ಬಂತು. ಬಾಗಿಲಿಗೆ ಓಡಿದ. ಚಿಲಕ ಅಲ್ಲಾಡಲಿಲ್ಲ. ಕಣ್ಣು ಉರಿಯಿತು. ಕೂಗಲು ಬಾಯಿ ತೆರೆದ. ಬಣ್ಣ ನುಗ್ಗಿತು. ತುಟಿ ಅಂಟಿತು. ಹಿಂದೆ ತಗಡು ನರಳಿತು. ತಿರುಗಿ ನೋಡಿದ. ಕಾರು ನಿಂತಲ್ಲೇ ಇತ್ತು. ಮಡ್‌ಗಾರ್ಡು ಉಬ್ಬುತ್ತಿತ್ತು, ನೆಟ್ಟಗಾಗುತ್ತಿತ್ತು. ಅದು ಉಬ್ಬಿದಷ್ಟೂ ಅವನ ಪಕ್ಕೆ ಒಳಗೆ ಕುಸಿಯಿತು. ಒಂದು ಮೂಳೆ. ಇನ್ನೊಂದು. ಸೊಂಟ. ಬಿದ್ದ. ಒಂದು ಕೈ ಮೇಲೆತ್ತಿದ. ನೋಡುವವರು ಯಾರೂ ಇರಲಿಲ್ಲ.

ಔಲಿಸ್ ಬಾಗಿಲು ಮುರಿದು ಒಳಬಂದಾಗ ಗಂಟೆ ಐದು.

“ಯಾವ ಕಾರು ಗುದ್ದಿತು?” ಎಂದು ಕೇಳಿದರು ಆಸ್ಪತ್ರೆಯ ಡಾಕ್ಟರು. ಪಕ್ಕೆಯ ಗಾಯ ಅಂಥದ್ದೇ ಆಗಿತ್ತು.

ರೈನೆ ಪೊಲೀಸರನ್ನು ಕರೆಸಿ, ಅಳುತ್ತಾ ಎಲ್ಲವನ್ನೂ ಒಪ್ಪಿಕೊಂಡ. ಅವರು ಶೆಡ್ಡಿಗೆ ಹೋಗಿ ಬಣ್ಣದ ಪದರ ಅಳೆಯುವ ಯಂತ್ರ ಹಿಡಿದು ನೋಡಿದರು. ಮಡ್‌ಗಾರ್ಡಿಗೆ ಪುಟ್ಟಿಯಿಲ್ಲ, ಗೀರಿಲ್ಲ. ಕಾರ್ಖಾನೆ ಬಿಟ್ಟ ಮೇಲೆ ಯಾರೂ ಬಣ್ಣ ಮುಟ್ಟಿಸಿಲ್ಲ.

“ನೋವಿನ ಔಷಧಿ ಹೀಗೆಲ್ಲ ಮಾತಾಡಿಸುತ್ತೆ ಸಾರ್. ನೀವು ಸುಧಾರಿಸ್ಕೊಳ್ಳಿ,” ಎಂದ ಒಬ್ಬ.

“ಔಲಿಸಜ್ಜನ್ನ ಕೇಳಿ! ಅವರು ಆ ನೆಗ್ಗು ನೋಡಿದಾರೆ!”

ಕೇಳಿದ್ದಾಗಿತ್ತು. “ನೆಗ್ಗೇ ಇರ್ಲಿಲ್ಲ,” ಎಂದಿದ್ದ ಔಲಿಸ್. ಮಾಟದ ದಾರಿಗೆ ಅಡ್ಡ ನಿಲ್ಲುವ ಧೈರ್ಯ ಅವನಿಗಿರಲಿಲ್ಲ. ಬಹುಶಃ ಮನಸ್ಸೂ ಇರಲಿಲ್ಲ.

ಮೂಳೆಗಳು ಕೂಡಲಿಲ್ಲ. ಬೆಳಗ್ಗೆ ಜೋಡಿಸಿ ಕಟ್ಟಿದ್ದು ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಮತ್ತೆ ಮುರಿಯುತ್ತಿತ್ತು. ಐದರವರೆಗೆ ಅವನ ಗಂಟಲಿಂದ ಸಣ್ಣ ಸದ್ದೂ ಏಳುತ್ತಿರಲಿಲ್ಲ. ದಿನವೂ ಹೀಗೇ. ಡಾಕ್ಟರುಗಳು ಮತ್ತೆ ಮತ್ತೆ ಎಕ್ಸ್‌ರೇ ತೆಗೆಸಿದರು.

ಹನ್ನೊಂದನೆಯ ದಿನ ಹಿಲ್ಯಾ ಬಂದಳು. ಕಪ್ಪು ಕೋಟಿನ ಸಣಕಲು ಹೆಂಗಸು.

“ಬಿಡಿಸಕ್ಕಾ,” ರೈನೆ ಬಿಕ್ಕಿದ. “ನಾನೇ ಕೊಂದಿದ್ದು. ಒಪ್ಕೊಂಡಿದೀನಿ, ಯಾರೂ ನಂಬ್ತಿಲ್ಲ.”

“ನಾನು ನಂಬ್ತೀನಿ,” ಎಂದಳು ಹಿಲ್ಯಾ ಮೆತ್ತಗೆ. “ಗುರುತು ಮುಚ್ಚೋಕೆ ಮುಂಚೆ ಬಂದಿದ್ರೆ ನಾನೇ ಬಿಡಿಸ್ತಿದ್ದೆ. ಈಗ ಅದು ನನ್ನ ಮಾತೂ ಕೇಳಲ್ಲ.”

ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಎರಡು ನಿಮಿಷವಿತ್ತು. ಅವಳು ಕೋಣೆಯ ಬಾಗಿಲು ಹಾಕಿ, ಕುರ್ಚಿಯನ್ನು ಮಂಚದ ಹತ್ತಿರಕ್ಕೆಳೆದು ಕೂತಳು.

“ಆ ಎರಡು ತಾಸು ಓಸ್ಮೊ ಪಕ್ಕ ಕೂರಕ್ಕೆ ನಂಗಾಗ್ಲಿಲ್ಲ,” ಎಂದಳು. “ನಿನ್ನ ಪಕ್ಕ ಕೂರ್ತೀನಿ. ದಿನಾ ಬರ್ತೀನಿ.”

ರೈನೆ ನರ್ಸನ್ನು ಕರೆಯಲು ಬಾಯಿ ತೆರೆದ. ಆಗಲೇ ಗಂಟೆ ಮೂರಾಗಿತ್ತು, ದನಿ ನಿಂತುಹೋಗಿತ್ತು.