ಹೊನ್ನಲೆ ರಾಣಿಯ ಸೊಡರು

ಹಿಂದೆ, ಹಿಂದೆಂದರೆ ದಾರಿಗಳಿಗೆ ಇನ್ನೂ ಹೆಸರಿಲ್ಲದಿದ್ದ ಕಾಲದಲ್ಲಿ, ಸೊಡರುನಾಡು ಎಂಬ ರಾಜ್ಯವಿತ್ತು. ಸೊಡರು ಎಂದರೆ ದೀಪ. ಆ ನಾಡಿನ ದೀಪಗಳಿಗೆ ಎಣ್ಣೆ ಬೇಕಿರಲಿಲ್ಲ, ಬತ್ತಿಯೂ ಬೇಕಿರಲಿಲ್ಲ. ದೀಪವನ್ನು ಅಂಗೈಯಲ್ಲಿಟ್ಟುಕೊಂಡು, ಯಾವುದಾದರೂ ಒಂದು ವಸ್ತು ಹೇಗಿದೆ ಎಂದು ಸರಿಯಾದ ಮಾತಿನಲ್ಲಿ ಹೇಳಿದರೆ ಅದು ಹೊತ್ತಿಕೊಳ್ಳುತ್ತಿತ್ತು. ಮಾತು ಸ್ವಲ್ಪ ತಪ್ಪಿದರೆ ಹೊಗೆ ಏಳುತ್ತಿತ್ತು. ಪೂರ್ತಿ ತಪ್ಪಿದರೆ ಹೊಗೆಯೂ ಇಲ್ಲ.

ಸಂಜೆಯಾದರೆ ಅಜ್ಜಿಯೊಬ್ಬಳು ನೆಲ್ಲಿಕಾಯಿ ಕಚ್ಚಿ "ಒಗರು" ಎನ್ನುತ್ತಿದ್ದಳು, ಅವಳ ಜಗಲಿಯಲ್ಲಿ ಹಸಿರು ಬೆಳಕು ಹರಡುತ್ತಿತ್ತು. ಸೊಸೆಯೊಬ್ಬಳು ಅನ್ನ ಮುಟ್ಟಿ "ಉದುರುದುರು" ಎನ್ನುತ್ತಿದ್ದಳು, ಅಡುಗೆಮನೆ ಬೆಳ್ಳಗಾಗುತ್ತಿತ್ತು. ಗುಡ್ಡದ ಮೇಲೆ ನಿಂತು ನೋಡಿದವರಿಗೆ ಆ ಊರು ಆಕಾಶ ನೆಲಕ್ಕಿಳಿದು ಕುಳಿತಂತೆ ಕಾಣುತ್ತಿತ್ತು.

ಅಲ್ಲಿ ಇನ್ನೊಂದು ಪದ್ಧತಿಯಿತ್ತು. ಯಾರಾದರೂ ತೀರಿಕೊಂಡರೆ, ಅವರಿಗೆ ತೀರ ಹತ್ತಿರದವರು ಹೊಸ ದೀಪವೊಂದನ್ನು ಹಿಡಿದು, ಹೋದವರು ಹೇಗಿದ್ದರೆಂದು ಒಂದೇ ಮಾತಿನಲ್ಲಿ ಹೇಳಬೇಕು. ಆ ದೀಪ ಹೊತ್ತಿದರೆ ಮತ್ತೆಂದೂ ಆರುತ್ತಿರಲಿಲ್ಲ.

ಆ ನಾಡಿನ ದೊರೆ ಚಂದ್ರಮಲ್ಲನ ರಾಣಿ ಹೊನ್ನಲೆ ತೀರಿಕೊಂಡಳು. ದೊರೆ ದೀಪ ಹಿಡಿದು ಜನರೆದುರು ನಿಂತ. "ತುಂಬಾ ಒಳ್ಳೆಯವಳು" ಎಂದ. ದೀಪ ಹೊತ್ತಲಿಲ್ಲ. ಹೊಗೆಯೂ ಏಳಲಿಲ್ಲ. ಜನ ತಲೆ ತಗ್ಗಿಸಿಕೊಂಡು ಮನೆಗೆ ಹೋದರು. ದೊರೆ ಒಬ್ಬನೇ ಉಳಿದ.

ಆಗ ಬೂದಿಬಣ್ಣದ ಕಂಬಳಿ ಹೊದ್ದ ಮಾಂತ್ರಿಕನೊಬ್ಬ ಬಂದ. ಅವನ ಹೆಸರು ಮಸುಕ.

"ದೊರೆಯೇ, ಸಾವಿರಾರು ಮಾತುಗಳಿವೆ, ಬೇಕಾದಾಗ ಒಂದೂ ಕೈಗೆ ಸಿಗುವುದಿಲ್ಲ. 'ಹೇಗೆ' ಎಂದು ಕೇಳಿದರೆ ಉತ್ತರ ಹೇಳುವ ಮಾತುಗಳನ್ನೆಲ್ಲ ನನಗೆ ಕೊಟ್ಟುಬಿಡು. ಎರಡನ್ನು ಮಾತ್ರ ಬಿಟ್ಟುಹೋಗುತ್ತೇನೆ. ಒಂದು 'ಚೆನ್ನಾಗಿ', ಇನ್ನೊಂದು 'ತುಂಬಾ'. ಆ ಎರಡರಿಂದಲೇ ಎಲ್ಲ ದೀಪಗಳೂ ಹೊತ್ತುವಂತೆ ಮಾಡುತ್ತೇನೆ."

"ಇವಳ ದೀಪವೂ?"

"ಇವಳ ದೀಪವೂ."

ದೊರೆ ಆಗಲಿ ಎಂದ. ಮಸುಕ ಬಾಯಿ ತೆರೆದ. ಜನರ ನಾಲಿಗೆಯಿಂದ ಮಾತುಗಳು ಗುಬ್ಬಚ್ಚಿಗಳಾಗಿ ಹಾರಿ ಅವನ ಬಾಯೊಳಗೆ ಹೋದವು. ನುಣುಪು ಹೋಯಿತು, ಒರಟು ಹೋಯಿತು, ತಿಳಿ, ಹುಳಿ, ಮಂದ, ಮೆಲ್ಲಗೆ, ಥಟ್ಟನೆ, ಎಲ್ಲವೂ ಹೋದವು. ನುಂಗಿ ನುಂಗಿ ಅವನ ಹೊಟ್ಟೆ ಗುಡ್ಡದಷ್ಟಾಯಿತು. ಅವನು ನಾಡಿನ ಅಂಚಿಗೆ ಹೋಗಿ ಗುಡ್ಡದ ಹಾಗೆಯೇ ಕುಳಿತುಬಿಟ್ಟ.

ದೊರೆ "ತುಂಬಾ ಚೆನ್ನಾಗಿದ್ದಳು" ಎಂದ. ರಾಣಿಯ ದೀಪ ಹೊತ್ತಿತು. ಆದರೆ ಬೆಳಕು ಬೂದಿಯ ಬಣ್ಣದ್ದಾಗಿತ್ತು. ಊರಿನ ದೀಪಗಳೆಲ್ಲ ಅದೇ ಬಣ್ಣದಲ್ಲಿ ಹೊತ್ತಿದವು. ಮೆಲ್ಲನೆ ಮಂಜು ಇಳಿಯಿತು. ಮಾವಿನಹಣ್ಣಿಗೂ ಹುಣಸೆಹಣ್ಣಿಗೂ ಒಂದೇ ರುಚಿಯಾಯಿತು. ಮಗು ಹಸಿದು ಅಳುತ್ತಿದೆಯೋ ನಿದ್ದೆಗೆ ಅಳುತ್ತಿದೆಯೋ ಎಂದು ತಾಯಂದಿರಿಗೆ ತಿಳಿಯದೆ ಹೋಯಿತು.

ಆ ಊರಿನಲ್ಲಿ ಸೋವಣ ಎಂಬ ಯುವಕ ಚಾಪೆ ಹೆಣೆದು ಬದುಕುತ್ತಿದ್ದ. ತಂದೆತಾಯಿ ಇಲ್ಲದ ಅವನನ್ನು ಸಾಕಿದವಳು ಅಕ್ಕ ಬೊಮ್ಮಕ್ಕ. ಊರಿನ ಎಳೆಗೂಸುಗಳನ್ನೆಲ್ಲ ಮೀಯಿಸುತ್ತಿದ್ದವಳು ಅವಳೇ. ಒಂದು ದಿನ ಬೊಮ್ಮಕ್ಕ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಸೋವಣ ಮದ್ದು ಕೊಡುವ ಕಾಳಜ್ಜಿಯನ್ನು ಕರೆತಂದ.

"ನೋವು ಹೇಗಿದೆ ಮಗಳೇ?"

"ತುಂಬಾ, ಅಜ್ಜಿ."

"ತುಂಬಾ ಅಂದ್ರೆ ಎಷ್ಟು ಅಂತ ಗೊತ್ತಾಯ್ತು. ಎಂಥದ್ದು ಅಂತ ಹೇಳು."

ಬೊಮ್ಮಕ್ಕ ಬಾಯಿ ತೆರೆದಳು, ಮುಚ್ಚಿದಳು. ಕಣ್ಣಲ್ಲಿ ನೀರು ಬಂತು. "ತುಂಬಾ" ಎಂದಳು ಮತ್ತೆ.

ಕಾಳಜ್ಜಿ ಸೋವಣನನ್ನು ಹೊರಗೆ ಕರೆದಳು. "ಹೊಟ್ಟೆನೋವಿಗೆ ನನ್ನ ಹತ್ತಿರ ಮೂರು ಬೇರುಗಳಿವೆ ಮಗಾ. ಒಂದು ನೋವಿಗೆ ಮದ್ದಾಗೋ ಬೇರು ಇನ್ನೊಂದಕ್ಕೆ ವಿಷ. ಅವಳು ಹೇಳದೆ ನಾನು ಕೊಡಲಾರೆ. ಹೇಳೋ ಮಾತು ಮಸುಕನ ಹೊಟ್ಟೆಯಲ್ಲಿದೆ. ತಡಮಾಡಿದರೆ ಅಕ್ಕ ಉಳಿಯೋಲ್ಲ."

ಸೋವಣ ಮನೆಯ ದೀಪವನ್ನು ಆರಿಸಿ ಮಡಿಲಿಗೆ ಹಾಕಿಕೊಂಡು ಹೊರಟ.

ದಾರಿಯಲ್ಲಿ ಹೊಳೆ ಅಡ್ಡ ಬಂತು. ನಡುವೆ ಒಂದು ಮೊಸಳೆ ಕಣ್ಣು ಮಾತ್ರ ಮೇಲಿಟ್ಟುಕೊಂಡಿತ್ತು.

"ಬಾರಪ್ಪಾ. ಊಟಕ್ಕೆ ಬಂದೆಯೋ, ಊಟವಾಗೋಕೆ ಬಂದೆಯೋ?"

"ದಾಟೋಕೆ ಬಂದೆ, ತಾಯಿ."

"ಹಾಗಾದರೆ ನನ್ನ ನೀರು ಹೇಗಿದೆ ಹೇಳು."

"ತುಂಬಾ ಚೆನ್ನಾಗಿದೆ."

ನೀರು ಉಕ್ಕಿ ಅವನ ಸೊಂಟದವರೆಗೆ ಬಂತು. "ಎಲ್ಲರೂ ಇದನ್ನೇ ಹೇಳಿದರು" ಎಂದಿತು ಮೊಸಳೆ. "ಎಲ್ಲರನ್ನೂ ತಿಂದೆ. ಎಲ್ಲರಿಗೂ ಒಂದೇ ರುಚಿ. ನನಗೂ ಬೇಸರ ಕಣಪ್ಪಾ."

ಸೋವಣ ದೀಪವನ್ನು ಒಂದು ಅಂಗೈಯಲ್ಲಿ ಮೇಲೆತ್ತಿಕೊಂಡು, ಕಣ್ಣು ಮುಚ್ಚಿ ನೀರಲ್ಲಿ ಇನ್ನೊಂದು ಕೈಯಾಡಿಸಿದ. ಮಾತು ಹುಡುಕುವುದನ್ನು ಬಿಟ್ಟು ನೀರನ್ನೇ ಗಮನಿಸಿದ. "ಇದು ಬಾವಿಯಿಂದ ಸೇದಿದ ನೀರಿನ ಹಾಗಿಲ್ಲ. ಹಂಡೆಯಲ್ಲಿ ಕಾದ ನೀರಿನ ಹಾಗೂ ಇಲ್ಲ. ನಮ್ಮಕ್ಕ ಕೂಸು ಮೀಯಿಸೋ ಮುಂಚೆ ಮೊಣಕೈ ಅದ್ದಿ, ಹೂಂ, ಈಗ ಸಾಕು ಅಂತಾಳಲ್ಲ, ಆ ನೀರು ಇದು."

ದೂರದ ಗುಡ್ಡದ ಕಡೆಯಿಂದ ಒಂದು ಗುಬ್ಬಚ್ಚಿ ಹಾರಿಬಂದು ಅವನ ನಾಲಿಗೆಯ ಮೇಲೆ ಕುಳಿತಿತು.

"ಉಗುರುಬೆಚ್ಚಗಿದೆ!" ಎಂದ ಸೋವಣ.

ಅಂಗೈಯಲ್ಲಿ ದೀಪ ಹೊತ್ತಿತು. ಬೂದಿಯ ಬಣ್ಣವಲ್ಲ, ಎಳೆಬಿಸಿಲಿನ ಬಣ್ಣ. ಹೊಳೆ ಎರಡು ಭಾಗವಾಗಿ ದಾರಿ ಬಿಟ್ಟಿತು. ಮೊಸಳೆ ನೀರಲ್ಲಿ ಬೆನ್ನು ಅದ್ದಿ, "ಹೌದಲ್ಲ! ಎಷ್ಟು ಕಾಲದಿಂದ ಇದರಲ್ಲೇ ಇದ್ದೀನಿ!" ಎನ್ನುತ್ತ ಮುಳುಗಿತು.

ಮುಂದೆ ಕಣಿವೆಯ ಬಾಯಲ್ಲಿ ಒಂದು ಆನೆ ನಿಂತಿತ್ತು. ಅದರ ಬೆನ್ನ ಮೇಲೆ ಹುಲ್ಲು ಬೆಳೆದಿತ್ತು, ಕಿವಿಯಲ್ಲಿ ಹಕ್ಕಿ ಗೂಡು ಕಟ್ಟಿತ್ತು.

"ನಾನು ಹೇಗಿದ್ದೇನೆ ಹೇಳು. ತಪ್ಪಿದರೆ ತುಳಿಯುತ್ತೇನೆ."

ಸೋವಣ ಅದಕ್ಕೆ ನಿಧಾನವಾಗಿ ಒಂದು ಸುತ್ತು ಬಂದ. ಈ ಸಲ ಮೂರು ಗುಬ್ಬಚ್ಚಿಗಳು ಒಟ್ಟಿಗೆ ಹಾರಿಬಂದವು. ಮೊದಲು ಸಿಕ್ಕಿದ್ದನ್ನು ಹೇಳಿದ: "ಹಳೆಯ ಆನೆ."

ದೀಪ ಹೊಗೆಯಾಡಿತು. "ಹಳೆಯದು ಅನ್ನೋಕೆ ನಾನೇನು ನಿನ್ನ ಚಪ್ಪಲಿಯೇನೋ?" ಎಂದು ಆನೆ ಕಾಲೆತ್ತಿತು.

"ಮುದಿ ಆನೆ!"

ಹೊಗೆ ದಟ್ಟವಾಯಿತು. "ಬೈತೀಯಾ? ನಿಮ್ಮಜ್ಜನ್ನ ಹಾಗೇ ಕರೀತಿದ್ದೆಯಾ?" ಕಾಲು ಅವನ ತಲೆಯ ಮೇಲೆ ಬಂತು.

ಸೋವಣ ಓಡಲಿಲ್ಲ. ತಲೆ ಎತ್ತಿ ಆನೆಯ ಕಣ್ಣನ್ನು ನೋಡಿದ. ಅಂಥ ಕಣ್ಣನ್ನು ಅವನು ಎಂದೂ ಕಂಡಿರಲಿಲ್ಲ. ಎಷ್ಟೋ ಮಳೆ, ಎಷ್ಟೋ ಬಿಸಿಲು ಕಂಡು, ಒಂದನ್ನೂ ಹೊರಗೆ ಚೆಲ್ಲದೆ ಒಳಗಿಟ್ಟುಕೊಂಡ ಕಣ್ಣು. ಹುಲ್ಲಿನಲ್ಲಿ ಮುಚ್ಚಿಟ್ಟ ಕಾಯಿ ಹೊರಗಿಂದ ಸುಕ್ಕಾಗಿ ಒಳಗಿಂದ ಹಣ್ಣಾಗುವುದು ಅವನಿಗೆ ನೆನಪಾಯಿತು.

"ನೀವು ಮಾಗಿದ್ದೀರಿ, ಅಜ್ಜಾ" ಎಂದ.

ದೀಪ ಜೇನಿನ ಬಣ್ಣದಲ್ಲಿ ಉರಿಯಿತು. ಆನೆ ಕಾಲಿಳಿಸಿತು. ಕಿವಿಯ ಗೂಡಿನ ಹಕ್ಕಿ ಬೆದರದಂತೆ ತಲೆ ಬಾಗಿಸಿ, ಅವನನ್ನು ಸೊಂಡಿಲಿನಿಂದ ಎತ್ತಿ ಕಣಿವೆಯಾಚೆ ಇಳಿಸಿತು.

ಅಲ್ಲಿ ಮಸುಕ ಕುಳಿತಿದ್ದ. ಅವನ ತಲೆ ಮೋಡದಲ್ಲಿತ್ತು. ಹೊಟ್ಟೆಯೊಳಗೆ ಲೆಕ್ಕವಿಲ್ಲದಷ್ಟು ರೆಕ್ಕೆಗಳು ಬಡಿಯುವ ಸದ್ದು ಮಳೆ ಬರುವ ಸದ್ದಿನಂತೆ ಕೇಳುತ್ತಿತ್ತು. ಆ ಸದ್ದಿಗೆ ಸೋವಣನ ಮೈಯೆಲ್ಲ ನವಿರೆದ್ದಿತು.

"ನನ್ನನ್ನು ಏನೆನ್ನುತ್ತೀ ಹುಡುಗಾ?" ಎಂದ ಮಸುಕ. "ಘೋರ? ಕ್ರೂರ? ಭೀಕರ? ಎಲ್ಲವೂ ನನ್ನ ಹೊಟ್ಟೆಯಲ್ಲಿವೆ. ಆದರೆ ಯಾವುದನ್ನು ಹೇಳಿಕೊಂಡರೂ ನನ್ನ ಕೈಯಲ್ಲಿ ದೀಪ ಹೊತ್ತುವುದಿಲ್ಲ. ನನಗೆ ಒಪ್ಪುವ ಒಂದು ಮಾತು ಹೇಳು. ತಪ್ಪಿದರೆ ನಿನ್ನನ್ನೂ ನುಂಗುತ್ತೇನೆ."

ಸೋವಣ ಹತ್ತಿರ ಹೋದ. ತೆಂಗಿನಕಾಯಿ ಕೊಳ್ಳುವಾಗ ಅಕ್ಕ ಮಾಡುವಂತೆ ಆ ಹೊಟ್ಟೆಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದ. ರೆಕ್ಕೆಗಳ ಸದ್ದಿನ ಹಿಂದೆ ಇನ್ನೊಂದು ಸದ್ದಿತ್ತು, ತಿರುಳಿಲ್ಲದ ಕಾಯಿಯ ಸದ್ದು. ಮಸುಕನ ಮೂಗಿನ ಹೊಳ್ಳೆಯಿಂದ ಮೂರು ಗುಬ್ಬಚ್ಚಿಗಳು ನುಸುಳಿ ಬಂದು ಸೋವಣನ ಭುಜದ ಮೇಲೆ ಕುಳಿತವು: ಖಾಲಿ, ಬರಿದು, ಟೊಳ್ಳು.

ಸೋವಣ ಅವಸರ ಮಾಡಲಿಲ್ಲ. ಖಾಲಿ ಎಂದರೆ ಕೊಡ. ನೀರು ಹೊಯ್ದರೆ ತುಂಬುತ್ತದೆ. ಇವನು ಎಷ್ಟು ನುಂಗಿದರೂ ತುಂಬಿಲ್ಲ. ಬರಿದು ಎಂದರೆ ಹಿಂದೆ ಏನೋ ಇದ್ದು ಹೋದ ಮನೆ. ಅಲ್ಲಿ ನೆನಪಾದರೂ ಇರುತ್ತದೆ. ಇವನಲ್ಲಿ ಯಾವ ನೆನಪೂ ಇಲ್ಲ.

"ನೀನು ಟೊಳ್ಳು" ಎಂದ.

ದೀಪ ಭಗ್ಗನೆ ಹೊತ್ತಿತು. ಆ ಬೆಳಕಿನಲ್ಲಿ ಮಸುಕ ಮೊದಲ ಬಾರಿಗೆ ತನ್ನನ್ನು ತಾನು ನೋಡಿಕೊಂಡ. "ಹೌದು" ಎಂದ, ಎಷ್ಟೋ ವರ್ಷಗಳ ಉಸಿರನ್ನು ಬಿಟ್ಟವನಂತೆ. ಅವನ ಹೊಟ್ಟೆ ನೆತ್ತಿಯಿಂದ ಬುಡದವರೆಗೆ ಬಿರಿಯಿತು. ಮಾತುಗಳು ಹೊರಗೆ ಹಾರಿದವು. ಅವುಗಳಿಗೆ ಆಕಾಶ ಸಾಲಲಿಲ್ಲ. ಅವು ಹಾದುಹೋದಂತೆ ಮಂಜು ಹರಿಯಿತು, ಕಲ್ಲು ಒರಟಾಯಿತು, ಚಿಗುರು ಎಳೆಯದಾಯಿತು, ಗಾಳಿ ತಣ್ಣಗೆ ಬೀಸಿತು. ಮಸುಕನಿದ್ದ ಜಾಗದಲ್ಲಿ ಒಂದು ಕಂಬಳಿ ಮಾತ್ರ ಬಿದ್ದಿತ್ತು. ಸೋವಣ ಬಾಯಿ ತೆರೆದು ಮೇಲೆ ನೋಡುತ್ತ ನಿಂತವನು, ಅಕ್ಕನ ನೆನಪಾದೊಡನೆ ಓಡಿದ.

ಮನೆಯಲ್ಲಿ ಬೊಮ್ಮಕ್ಕನ ಮುಖ ಬಿಳಿಚಿತ್ತು. ಕಾಳಜ್ಜಿ ಮೂರು ಬೇರುಗಳನ್ನು ಮುಂದಿಟ್ಟುಕೊಂಡು ಕಾಯುತ್ತಿದ್ದಳು.

"ಅಕ್ಕಾ, ನೋವು ಹೇಗಿದೆ? ಅವಸರ ಬೇಡ, ನೋಡಿಕೊಂಡು ಹೇಳು."

"ತುಂ..." ಎಂದು ಬೊಮ್ಮಕ್ಕ ನಿಲ್ಲಿಸಿದಳು. ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. "ಉರಿಯೋದಲ್ಲ ಕಣೋ. ಚುಚ್ಚೋದೂ ಅಲ್ಲ. ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡ್ತದೆ, ಬಿಡ್ತದೆ. ಮತ್ತೆ ಹಿಂಡ್ತದೆ."

"ಅಷ್ಟು ಸಾಕು!" ಎಂದ ಕಾಳಜ್ಜಿ ನಡುವಿನ ಬೇರನ್ನು ತೇದು ಕುಡಿಸಿದಳು. ಸಂಜೆಗೆ ನೋವು ಇಳಿಯಿತು. ಬೆಳಿಗ್ಗೆ ಬೊಮ್ಮಕ್ಕ ಎದ್ದು ಕುಳಿತು, "ಏನೋ ತಮ್ಮಾ, ಗಂಜಿಗೆ ಉಪ್ಪು ಹಾಕೋದು ಮರೆತೆಯಾ? ಸಪ್ಪೆ!" ಎಂದಳು. ಸೋವಣ ನಕ್ಕ, ನಗುತ್ತಲೇ ಅತ್ತ.

ಊರಿನ ದೀಪಗಳಿಗೆಲ್ಲ ಮತ್ತೆ ಬಣ್ಣ ಬಂತು. ಅರಮನೆಯಲ್ಲಿ ಮಸುಕನ ಮಂತ್ರದಿಂದ ಹೊತ್ತಿದ್ದ ರಾಣಿಯ ದೀಪ ಮಾತ್ರ ಆರಿ ತಣ್ಣಗಾಗಿತ್ತು. ದೊರೆ ಅಕ್ಕತಮ್ಮಂದಿರನ್ನು ಕರೆಸಿದ.

"ನಾನು ಮಾಡಿದ ತಪ್ಪನ್ನು ನೀನು ತಿದ್ದಿದೆ, ಸೋವಣ. ಇನ್ನೊಂದು ಉಪಕಾರ ಮಾಡು. ನನ್ನ ಹೊನ್ನಲೆಗೆ ಒಪ್ಪುವ ಮಾತು ಯಾವುದು, ಹೇಳು."

"ನಾನು ರಾಣಿಯವರನ್ನು ಕಂಡವನಲ್ಲ, ದೊರೆಯೇ. ನಾನು ಹೇಳಿದರೆ ಅದು ಹೊತ್ತುವುದಿಲ್ಲ."

ಬೊಮ್ಮಕ್ಕ ಮುಂದೆ ಬಂದಳು. "ಮಾತು ಹುಡುಕಬೇಡಿ, ಬುದ್ಧಿ. ಅವರು ಏನು ಮಾಡ್ತಿದ್ರು, ಅದನ್ನ ಹೇಳಿ. ಮಾತು ತಾನಾಗಿ ಬರ್ತದೆ."

ದೊರೆ ಆರಿದ ದೀಪವನ್ನು ಮುಂದಿಟ್ಟುಕೊಂಡು ಕುಳಿತ.

"ಸಭೆಯಲ್ಲಿ ನಾನು ಸಿಟ್ಟಿನಿಂದ ಮಾತಾಡಿದಾಗ ಅವಳು ಏನೂ ಹೇಳುತ್ತಿರಲಿಲ್ಲ. ಕೈಬಳೆಯನ್ನು ಒಂದು ಸಲ ಸರಿಮಾಡಿಕೊಳ್ಳುತ್ತಿದ್ದಳು, ಅಷ್ಟೆ. ಅದು ನನಗೊಬ್ಬನಿಗೇ ಕೇಳಿಸುತ್ತಿತ್ತು. ನಾನು ಮಾತು ನಿಲ್ಲಿಸುತ್ತಿದ್ದೆ. ನಾನು ಸೋತೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ."

ಅವನು ದೀಪ ಹಿಡಿದ. "ಮೃದು" ಎಂದ. ಹೊಗೆ ಎದ್ದಿತು. "ಇಲ್ಲ. ಅವಳು ಬಗ್ಗುವವಳಲ್ಲ" ಎಂದುಕೊಂಡು, "ಸೌಮ್ಯ" ಎಂದ. ಹೊಗೆ ತೆಳುವಾಯಿತು. ದೊರೆ ತನ್ನ ಮಣಿಕಟ್ಟಿನ ಮೇಲೆ, ಬಳೆಯಿರುವ ಜಾಗದಲ್ಲಿ, ಬೆರಳಿಟ್ಟ.

"ನವಿರು" ಎಂದ. "ನವಿರಾಗಿದ್ದಳು."

ದೀಪ ಸದ್ದಿಲ್ಲದೆ ಹೊತ್ತಿತು. ಅದರ ಬೆಳಕು ಕಣ್ಣು ಕುಕ್ಕಲಿಲ್ಲ. ಆದರೆ ಅರಮನೆಯ ಯಾವ ಮೂಲೆಯನ್ನೂ ಬಿಡದೆ ಮುಟ್ಟಿತು. ಆ ಬೆಳಕಿನಲ್ಲಿ ದೊರೆ ಅತ್ತ, ಅವನ ಜೊತೆ ಸಭೆಯೂ ಅತ್ತಿತು.

ಆಮೇಲೆ ಸೊಡರುನಾಡಿನವರು ಸುಖವಾಗಿದ್ದರು. ಬೊಮ್ಮಕ್ಕ ಮೊಣಕೈ ಅದ್ದಿ ನೀರು ನೋಡುತ್ತಿದ್ದಳು, ಸೋವಣ ಚಾಪೆ ಹೆಣೆಯುತ್ತಿದ್ದ. ಅಲ್ಲಿ ಈಗಲೂ ಒಬ್ಬರು ಇನ್ನೊಬ್ಬರನ್ನು "ಹೇಗಿದ್ದೀರಿ?" ಎಂದು ಕೇಳಿದರೆ ಉತ್ತರ ಕೂಡಲೇ ಬರುವುದಿಲ್ಲ. ಕೇಳಿದವರು ನಿಂತು ಕಾಯುತ್ತಾರೆ.