ಕಪ್ಪು ಮುಖದ ಟೆರಿಯರ್ ಮರಿ

“ಬೆರಕೆ ಸಂಬಂಧದಲ್ಲಿ ಹುಟ್ಟಿದೋನು ಕೊಟ್ಟ ಮರಿ ಬೆರಕೆ ಆಗ್ದೆ ಇನ್ನೇನಾಗುತ್ತೆ?”

ಗಂಗರತ್ನಳ ಸೋದರಮಾವ ಕೋದಂಡರಾಮಪ್ಪ ನಡುಮನೆಯಲ್ಲಿ ಕೂತು ಹೀಗೆಂದಾಗ ಕದಿರೇಶ ಎದುರಿಗೇ ನಿಂತಿದ್ದ. ಬಾಗಿಲ ಪಕ್ಕದಲ್ಲಿ ಗಂಗರತ್ನ, ಅವಳ ತೋಳಿನಲ್ಲಿ ಆ ಮರಿ. ಕದಿರೇಶ ಮಾವನನ್ನು ನೋಡಲಿಲ್ಲ, ಅವಳನ್ನು ನೋಡಿದ.

ಏನಾದರೂ ಹೇಳು ಗಂಗಾ...

ಅವಳು ತಲೆ ತಗ್ಗಿಸಿದಳು. ಅವನು ಚಪ್ಪಲಿ ಮೆಟ್ಟಿಕೊಂಡು ನರಸಾಪುರದ ಬಸ್ ನಿಲ್ದಾಣದ ಕಡೆ ನಡೆದುಬಿಟ್ಟ.

ಎಂಬತ್ತರ ಇಸವಿ ಅದು. ಗಂಗರತ್ನಳ ಮನೆಯ ರೇಷ್ಮೆಹುಳುಗಳಿಗೆ ಇಲಿಗಳ ಕಾಟ ವಿಪರೀತವಾಗಿತ್ತು. ಅವಳನ್ನು ಮದುವೆಯಾಗಬೇಕಿದ್ದ ಸುಗಟೂರಿನ ಕದಿರೇಶ, ಇಲಿ ಹಿಡಿಯಲು ಟೆರಿಯರ್ ನಾಯಿಯೇ ಸರಿ ಎಂದು ಚಿನ್ನದ ಗಣಿಯ ಸಾಹೇಬರೊಬ್ಬರ ಬಂಗಲೆಯಿಂದ ಮರಿ ತಂದುಕೊಟ್ಟಿದ್ದ. ಬಿಳಿ ಮೈ, ಬೆನ್ನಿನ ಮೇಲೊಂದು ಕರಿ ಮಚ್ಚೆ, ಕಡುಗಪ್ಪು ಮುಖ.

ಬೆಂಗಳೂರಿನ ದಂಡಿನಲ್ಲಿ ದೊರೆಗಳ ಕಾರು ಓಡಿಸಿದ್ದ ಕೋದಂಡರಾಮಪ್ಪನಿಗೆ ತಿಳಿಯದ ವಿಷಯವೇ ಇರಲಿಲ್ಲ ಬಿಡಿ! ಬಿಳಿ ಮೈಗೆ ಕರಿ ಮುಖವಿದ್ದರೆ ಅಪ್ಪಟ ಜಾತಿ ಎಂದು ಆತನೇ ಊರಿಗೆಲ್ಲ ಸಾರಿದ.

ಮರಿ ಬೆಳೆಯಿತು. ಮುಖದ ಕಪ್ಪು ಮೆಲ್ಲಗೆ ಕಂದು ಬಣ್ಣಕ್ಕೆ ತಿರುಗಿತು. ಚುಚ್ಚುಮದ್ದು ಹಾಕಿಸಲು ಕದಿರೇಶ ಅದನ್ನು ಒಂದು ವಾರ ಕರೆದೊಯ್ದಿದ್ದನಲ್ಲ, ಆಗಲೇ ಜಾತಿಮರಿಯನ್ನು ಮಾರಿ ಬೀದಿಮರಿ ತಂದಿಟ್ಟ ಎಂದು ಮಾವ ತೀರ್ಪು ಕೊಟ್ಟ. ಕದಿರೇಶನ ತಾಯಿ ಗಣಿಯ ಕಡೆಯ ತಮಿಳಿನವಳೆಂಬುದು ಆತನಿಗೆ ಮೊದಲಿಂದಲೂ ಹಿಡಿಸಿರಲಿಲ್ಲ. ಈಗ ನೆಪ ಸಿಕ್ಕಿತು, ನಡುಮನೆಯಲ್ಲಿ ಆ ಬೆರಕೆಯ ಮಾತು ಆಡಿದ, ಮದುವೆಯ ತಾಂಬೂಲ ನಿಂತಿತು.

ಗಂಗರತ್ನ ಉರಿಯುತ್ತಲೇ ದಿನ ಕಳೆದಳು. ಒಂದು ಮಾತೂ ಆಡದೆ ಹೋದನಲ್ಲ ಎಂದು ಅವನ ಮೇಲೆ ಕೋಪ. ನಾನು ತಾನೇ ಏನು ಆಡಿದೆ ಎಂದು ತನ್ನ ಮೇಲೆ ಇನ್ನೂ ಹೆಚ್ಚು.

ಒಂದು ಬೆಳಿಗ್ಗೆ ಮಾವ ಮಾಲೂರಿನ ಗಂಡೊಂದನ್ನು ಗೊತ್ತುಮಾಡಿಕೊಂಡು ಬಂದ. ಮಾತಿನ ನಡುವೆ ಮತ್ತೆ ಅದೇ ಬೆರಕೆ ಎಂಬ ಮಾತು ಬಂತು. ಈ ಸಲ ಗಂಗರತ್ನ ಎದ್ದು ನಿಂತು ಮಾವನಿಗೆ ಉತ್ತರ ಕೊಟ್ಟಳು. ತಾಯಿ ಶ್ಯಾಮಲಮ್ಮ ತಡೆಯಲಿಲ್ಲ. ಮಗಳು ಮರಿಯನ್ನು ಎತ್ತಿಕೊಂಡು ಬಸ್ಸು ಹತ್ತಿದಳು.

ಸುಗಟೂರಿನಲ್ಲಿ ಕದಿರೇಶ ಅವಳನ್ನು ಒಳಗೆ ಕರೆಯಲಿಲ್ಲ. ಅಷ್ಟರಲ್ಲಿ ಹಿತ್ತಲಿಂದ ಒಂದು ಟೆರಿಯರ್ ಓಡಿಬಂತು. ಅದೇ ಬಿಳಿ ಮೈ, ಅದೇ ಕಂದು ಮುಖ! ಅದೂ ಅದೇ ತಾಯಿಯ ಮರಿ, ಅದರ ಮುಖವೂ ಮೊದಲು ಕಪ್ಪೇ ಇತ್ತು, ಈ ಜಾತಿಯಲ್ಲಿ ಹೀಗೆ ಬಣ್ಣ ತಿರುಗುವುದುಂಟು ಎಂದು ಅವನು ಬೇರೆಲ್ಲೋ ನೋಡುತ್ತಾ ಹೇಳಿದ.

ಅವಳ ಮೈಯೆಲ್ಲ ಹೊತ್ತಿಕೊಂಡಿತು.

“ಇದನ್ನ ಮನೇಲಿ ಇಟ್ಕೊಂಡು ಸುಮ್ನೆ ಕೂತಿದ್ಯಾ? ತಂದು ಮಾವನ ಮುಂದೆ ನಿಲ್ಸೋಕೆ ಏನಾಗಿತ್ತು ನಿಂಗೆ?”

“ನಾಯಿ ಮುಖ ನೋಡಿ ನೀನು ನನ್ನ ನಂಬೋದು ಬೇಕಿರ್ಲಿಲ್ಲ. ನಮ್ಮಮ್ಮನ್ನ ಅಂದಾಗ ನೀನು ತಲೆ ತಗ್ಸಿದೆ. ಈಗ ಬಣ್ಣ ತಾಳೆ ಆಯ್ತಲ್ಲ, ಹೊರಡು.”

“ನಾನು ಬಣ್ಣ ನೋಡೋಕೆ ಬಂದಿಲ್ಲ ಕಣೋ. ಇಂಥದ್ದೊಂದು ಇಲ್ಲಿದೆ ಅಂತಾನೇ ಗೊತ್ತಿರ್ಲಿಲ್ಲ. ಬೆಳಿಗ್ಗೇನೇ ಮಾವನಿಗೆ ಹೇಳ್ದೆ. ಮರಿ ಯಾವ್ದಾದ್ರೂ ಆಗ್ಲಿ, ಕದಿರೇಶ ಮೋಸಗಾರ ಅಲ್ಲ. ಅವರಮ್ಮ ನಂಗೆ ಅತ್ತೆ. ಇನ್ನೊಂದ್ಸಲ ಆ ಮಾತಂದ್ರೆ ನಮ್ಮ ಮದುವೆಗೆ ನೀವು ಬರ್ಬೇಡಿ ಅಂತ.”

ಅವಳು ಬಂದಮೇಲೆ ಕದಿರೇಶ ಮೊದಲ ಸಲ ಅವಳ ಮುಖ ನೋಡಿದ. ಅವಳ ಕೆನ್ನೆ ಒದ್ದೆಯಾಗಿತ್ತು.

“ಅವತ್ತೇ ಹೇಳ್ಬೇಕಿತ್ತು ನಾನು...”

“ಹೌದು, ಹೇಳ್ಬೇಕಿತ್ತು.” ಅವನ ದನಿಯಲ್ಲಿ ಸಿಟ್ಟು ಇನ್ನೂ ಇತ್ತು. ಆದರೂ ಕೈಚಾಚಿ ಅವಳ ಕೆನ್ನೆ ಒರೆಸಿದ. “ಅಮ್ಮ ಒಳಗಿದಾಳೆ. ಈ ಮಾತು ಅವಳ ಎದುರಿಗೆ ಹೇಳ್ತೀಯಾ?”

“ಅದಕ್ಕೇ ಬಂದಿದ್ದು,” ಎಂದು ಗಂಗರತ್ನ ಅವನಿಗಿಂತ ಮೊದಲೇ ಹೊಸ್ತಿಲು ದಾಟಿದಳು.